ಕಲ್ಲು ನಿಲ್ಲುತ್ತದೆ, ಬಂಡಿ ಯಾಕೆ ನಿಲ್ಲುವುದಿಲ್ಲ?

ಕಾರಹುಣ್ಣಿಮೆ ಬಂತೆಂದರೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ಮುಂಗಾರು ಹಬ್ಬ ನಡೆಸುತ್ತಾರೆ. ಅಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ ನೋಡಲು ಜನ ಕಿಕ್ಕಿರಿದು ಸೇರುತ್ತಾರೆ. ಒಂದೂವರೆ ಟನ್‌, ಎರಡು ಟನ್‌ ತೂಕದ ಕಲ್ಲಿಗೆ ಸರಪಳಿ ಬಿಗಿದು ಎತ್ತು ಹೂಡುತ್ತಾರೆ. ಗೊತ್ತುಮಾಡಿದ ಹೊತ್ತಿನಲ್ಲಿ ಯಾವ ಜೋಡಿ ಹೆಚ್ಚು ದೂರ ಎಳೆಯುತ್ತದೋ ಅದಕ್ಕೆ ಬಹುಮಾನ. ಜವಳಗೇರಾದ ಸುತ್ತಲಿನ ಶಾಲೆಗಳಲ್ಲಿ ಏಳನೆಯ, ಎಂಟನೆಯ ತರಗತಿ ಓದುವ ನಿಮಗೆ ಬಲ ಮತ್ತು ಚಲನೆಯ ಪಾಠ ಶುರುಮಾಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ಅಲ್ಲಿ ಟೇಪು ಹಿಡಿದವರು ದೂರ ಅಳೆಯುತ್ತಾರೆ, ಗಡಿಯಾರ ಹಿಡಿದವರು ಹೊತ್ತು ನೋಡುತ್ತಾರೆ. ಚಲನೆಯನ್ನು ಅಳೆಯಲು ಮೊದಲಿಗೆ ಬೇಕಾದದ್ದು ಇವೆರಡೇ.

ಇದನ್ನು ಬಸ್ಸಿನಲ್ಲಿ ಕೂತೇ ಮಾಡಬಹುದು. ಸಿಂಧನೂರಿಗೋ ರಾಯಚೂರಿಗೋ ಹೋಗುವಾಗ ಕಿಟಕಿಯ ಪಕ್ಕ ಕೂತು ಕಿಲೋಮೀಟರ್‌ ಕಲ್ಲು ಗಮನಿಸಿ. ಒಂದು ಕಲ್ಲಿನಿಂದ ಇನ್ನೊಂದಕ್ಕೆ 90 ಸೆಕೆಂಡು ಹಿಡಿದರೆ ಬಸ್ಸು ಗಂಟೆಗೆ 40 ಕಿ.ಮೀ. ಜವದಲ್ಲಿ ಓಡುತ್ತಿದೆ, 60 ಸೆಕೆಂಡು ಹಿಡಿದರೆ 60 ಕಿ.ಮೀ. ಇದು ಸರಾಸರಿ ಲೆಕ್ಕ. ನಡುವೆ ಹಂಪು ಬಂದು ಬಸ್ಸು ನಿಧಾನವಾಗಿರಬಹುದು, ಮತ್ತೆ ಓಡಿರಬಹುದು. ಇಷ್ಟು ತಿಳಿದರೆ ಚಲನೆಯ ಮೊದಲ ಭಾಗ ಮುಗಿಯಿತು.

ಬಲದ ವಿಷಯಕ್ಕೆ ಹೆಚ್ಚು ಹೊತ್ತು ಬೇಕು. ತಳ್ಳುವುದು, ಎಳೆಯುವುದು ಎರಡೂ ಬಲವೇ. ಅದನ್ನು ನ್ಯೂಟನ್‌ ಎಂಬ ಮಾನದಲ್ಲಿ ಅಳೆಯುತ್ತಾರೆ. ಅಂಗಡಿಯ 100 ಗ್ರಾಂ ತೂಕದ ಕಲ್ಲನ್ನು ಅಂಗೈ ಮೇಲೆ ಇಟ್ಟುಕೊಂಡರೆ ಅದು ನಿಮ್ಮ ಕೈಯನ್ನು ಕೆಳಕ್ಕೆ ಒತ್ತುವುದು ಸುಮಾರು 1 ನ್ಯೂಟನ್‌. ಒಂದೂವರೆ ಟನ್ನಿನ ಕಲ್ಲನ್ನು ನೆಲದಿಂದ ಎತ್ತಬೇಕಾದರೆ 14,700 ನ್ಯೂಟನ್‌ ಬೇಕು. ಬಲಕ್ಕೆ ದಿಕ್ಕೂ ಇದೆ. ಒಂದು ಎತ್ತು ಮುಂದಕ್ಕೆ, ಇನ್ನೊಂದು ಬದಿಗೆ ಎಳೆದರೆ ಎರಡರ ಬಲವೂ ಪೂರ್ತಿ ಕೂಡುವುದಿಲ್ಲ. ಹಳೆಯ ಒಕ್ಕಲಿಗರು ಜೋಡಿ ಹೊಂದಿಸಲು ಅಷ್ಟು ಎಚ್ಚರ ವಹಿಸುವುದಕ್ಕೆ ಇದೂ ಒಂದು ಕಾರಣ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಎಳೆಯುತ್ತಿದ್ದ ಎತ್ತು ನಿಂತರೆ ಕಲ್ಲು ಏನಾಗುತ್ತದೆ? ತರಗತಿಯಲ್ಲಿ ಕೇಳಿದರೆ ಎಲ್ಲರೂ ಒಂದೇ ದನಿಯಲ್ಲಿ, "ನಿಂತುಬಿಡುತ್ತದೆ ಸರ್" ಎನ್ನುತ್ತಾರೆ. ಉತ್ತರ ಸರಿ. ಹಾಗಾದರೆ ವಸ್ತು ಚಲಿಸುತ್ತಿರಬೇಕಾದರೆ ಬಲ ಹಾಕುತ್ತಲೇ ಇರಬೇಕೇ? "ಹೌದು ಸರ್" ಎನ್ನುತ್ತಾರೆ. ಗ್ರೀಸಿನ ಅರಿಸ್ಟಾಟಲ್‌ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಎರಡು ಸಾವಿರ ವರ್ಷ ಬಹುಪಾಲು ವಿದ್ವಾಂಸರು ಅದನ್ನು ನಂಬಿದ್ದರು. ಆದ್ದರಿಂದ ನಿಮಗೂ ಹಾಗೆ ಅನ್ನಿಸಿದರೆ ನಾಚಿಕೆಪಡಬೇಕಾದ್ದಿಲ್ಲ. ಆದರೆ ಅದು ತಪ್ಪು, ಮತ್ತು ಆ ತಪ್ಪು ತಿದ್ದಿಕೊಂಡರೆ ಮುಂದಿನ ಪಾಠವೆಲ್ಲ ಹಗುರಾಗುತ್ತದೆ.

ಅದೇ ಎತ್ತುಗಳನ್ನು ಟೈರ್‌ ಬಂಡಿಗೆ ಹೂಡಿ. 75 ಕೆ.ಜಿ.ಯ 20 ಚೀಲ ನೆಲ್ಲು ಹೇರಿ. ಬಂಡಿಯ ತೂಕ ಬಿಟ್ಟರೂ ಭಾರ ಒಂದೂವರೆ ಟನ್‌, ಅಂದರೆ ಆ ಸ್ಪರ್ಧೆಯ ಕಲ್ಲಿನಷ್ಟೇ. ಡಾಂಬರು ರಸ್ತೆಯಲ್ಲಿ ಎತ್ತುಗಳು ಇದನ್ನು ನಿರಾಯಾಸವಾಗಿ ಎಳೆಯುತ್ತವೆ. ಇನ್ನು ಎಳೆಯುವುದನ್ನು ಬಿಟ್ಟು ತಟ್ಟನೆ ನಿಂತವು ಅನ್ನಿ, ಬಂಡಿ ನಿಲ್ಲುವುದಿಲ್ಲ. ಮುಂದಕ್ಕೆ ಬಂದು ನೊಗದ ಮೂಲಕ ಎತ್ತುಗಳನ್ನೇ ತಳ್ಳುತ್ತದೆ. ಬಂಡಿ ಹೊಡೆಯುವವರು ಹಗ್ಗ ಬಿಗಿಹಿಡಿದು ಮೊದಲೇ ವೇಗ ಇಳಿಸುವುದು ಇದಕ್ಕೇ. ಭಾರ ಅಷ್ಟೇ, ಎತ್ತೂ ಅವೇ. ಕಲ್ಲು ನಿಂತಿತು, ಬಂಡಿ ಯಾಕೆ ನಿಲ್ಲಲಿಲ್ಲ?

ವ್ಯತ್ಯಾಸ ಇರುವುದು ನೆಲ ಮತ್ತು ಭಾರದ ನಡುವೆ. ಕಲ್ಲು ನೆಲಕ್ಕೆ ಉಜ್ಜಿಕೊಂಡು ಸಾಗುವಾಗ ನೆಲವೂ ಅದನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಅದು ಘರ್ಷಣೆ, ಅದೂ ಒಂದು ಬಲ. ಎತ್ತು ಎಳೆಯುವುದನ್ನು ಬಿಟ್ಟ ಕೂಡಲೇ ಘರ್ಷಣೆಯೊಂದೇ ಉಳಿದು ಕಲ್ಲನ್ನು ನಿಲ್ಲಿಸುತ್ತದೆ. ಗಾಲಿ ಉರುಳುವಾಗ ಈ ತಡೆ ಬಹಳ ಕಡಿಮೆ, ಆದ್ದರಿಂದ ಬಂಡಿ ಸಾಗುತ್ತಲೇ ಇರುತ್ತದೆ. ಇಟಲಿಯ ಗೆಲಿಲಿಯೋ ಇಳಿಜಾರು ಹಲಗೆಗಳ ಮೇಲೆ ಗುಂಡು ಉರುಳಿಸಿ ಈ ಯೋಚನೆಯನ್ನು ಇನ್ನೂ ಮುಂದಕ್ಕೆ ಒಯ್ದ: ತಡೆ ಕಡಿಮೆಯಾದಷ್ಟೂ ಗುಂಡು ದೂರ ಹೋಗುತ್ತದೆ, ತಡೆಯೇ ಇಲ್ಲದಿದ್ದರೆ ನಿಲ್ಲಲು ಕಾರಣವೇ ಇಲ್ಲ. 1687ರಲ್ಲಿ ಬಂದ ತನ್ನ ಪುಸ್ತಕದಲ್ಲಿ ನ್ಯೂಟನ್‌ ಇದನ್ನೇ ಮೊದಲ ನಿಯಮವಾಗಿ ಬರೆದ. ನಿಂತದ್ದು ನಿಂತೇ ಇರುತ್ತದೆ, ಸಾಗುವುದು ಅದೇ ವೇಗದಲ್ಲಿ ನೇರವಾಗಿ ಸಾಗುತ್ತಲೇ ಇರುತ್ತದೆ. ಇದನ್ನು ಬದಲಿಸಬೇಕಾದರೆ ಬಲ ಬೇಕು. ಬಲದ ಕೆಲಸ ಚಲನೆಯನ್ನು ಬದಲಿಸುವುದು. ಇದೊಂದು ಮಾತನ್ನು ಗಟ್ಟಿಮಾಡಿಕೊಳ್ಳಿ.

ಬರೀ ನಂಬಬೇಡಿ, ಮಾಡಿ ನೋಡಿ. ಶಾಲೆಯ ಸ್ಪ್ರಿಂಗ್‌ ತಕ್ಕಡಿ ಕೇಳಿ ಪಡೆಯಿರಿ. ಒಂದು ಇಟ್ಟಿಗೆಗೆ ದಾರ ಕಟ್ಟಿ, ತಕ್ಕಡಿಯ ಕೊಂಡಿಗೆ ಸಿಕ್ಕಿಸಿ, ಸಿಮೆಂಟು ನೆಲದ ಮೇಲೆ ಮೆಲ್ಲಗೆ ಎಳೆಯಿರಿ. ಮುಳ್ಳು ಏರುತ್ತ ಹೋಗುತ್ತದೆ, ಇಟ್ಟಿಗೆ ಕದಲುವುದಿಲ್ಲ. ಇನ್ನೂ ಸ್ವಲ್ಪ ಎಳೆಯಿರಿ. ಇಟ್ಟಿಗೆ ಜರುಗಿದ ಕ್ಷಣ ಮುಳ್ಳು ಸ್ವಲ್ಪ ಹಿಂದಕ್ಕೆ ಇಳಿಯುತ್ತದೆ. ಅವಸರ ಮಾಡಿದರೆ ಇದು ಕಣ್ಣಿಗೆ ಬೀಳುವುದಿಲ್ಲ, ಎರಡು ಮೂರು ಸಲ ಎಳೆದು ನೋಡಿ. ನಿಂತದ್ದನ್ನು ಹೊರಡಿಸಲು ಬೇಕಾದ ಎಳೆತ ಹೆಚ್ಚು, ಸಾಗಿಸಲು ಬೇಕಾದದ್ದು ಕಡಿಮೆ. ಕಲ್ಲು ಮೊದಲ ಗೇಣು ಜರುಗುವಾಗಲೇ ಎತ್ತುಗಳು ಹೆಚ್ಚು ತಿಣುಕುವುದು ಯಾಕೆಂದು ಈಗ ತಿಳಿಯುತ್ತದೆ. ಆಮೇಲೆ ಇಟ್ಟಿಗೆಯ ಕೆಳಗೆ ನಾಲ್ಕು ದುಂಡನೆಯ ಪೆನ್ಸಿಲ್‌ ಇಟ್ಟು ಎಳೆಯಿರಿ. ಮುಳ್ಳು ಎಲ್ಲಿ ನಿಲ್ಲುತ್ತದೆಂದು ನಾನು ಹೇಳುವುದಿಲ್ಲ.

ಇನ್ನೊಂದು ಕಷ್ಟದ ಮಾತಿದೆ. ಒಂದೇ ವೇಗದಲ್ಲಿ ಸಾಗುವ ವಸ್ತುವಿನ ಮೇಲೆ ಬಲಗಳೇ ಇಲ್ಲವೇ? ಇರುತ್ತವೆ, ಆದರೆ ಸರಿಸಮವಾಗಿ ಎದುರುಬದುರು ನಿಂತಿರುತ್ತವೆ. ನಮ್ಮ ಕಾಲುವೆಯನ್ನೇ ನೋಡಿ. ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ 227 ಕಿ.ಮೀ. ಉದ್ದ. ನೀರನ್ನು ಮುಂದಕ್ಕೆ ಕರೆದೊಯ್ಯುವುದು ಕಾಲುವೆಗೆ ಕೊಟ್ಟಿರುವ ತುಸು ಇಳಿಜಾರು ಮತ್ತು ಭೂಮಿಯ ಗುರುತ್ವ. ಗುರುತ್ವ ಸದಾ ಎಳೆಯುತ್ತಿದ್ದರೆ ನೀರಿನ ವೇಗ ಏರುತ್ತಲೇ ಹೋಗಬೇಕಿತ್ತಲ್ಲ? ಹಾಗಾಗುವುದಿಲ್ಲ. ಕಾಲುವೆಯ ತಳ ಮತ್ತು ಬದಿಗಳು ನೀರನ್ನು ತಡೆಯುತ್ತವೆ. ವೇಗ ಹೆಚ್ಚಿದಂತೆ ಆ ತಡೆಯೂ ಹೆಚ್ಚಿ, ಎಳೆತಕ್ಕೆ ಸಮನಾದಲ್ಲಿ ನೀರು ಒಂದೇ ವೇಗಕ್ಕೆ ಬರುತ್ತದೆ. ಹೂಳು ತುಂಬಿ ಹುಲ್ಲು ಬೆಳೆದರೆ ತಡೆ ಹೆಚ್ಚಿ ನೀರು ನಿಧಾನವಾಗುತ್ತದೆ. ಕೊನೆಯ ಭಾಗದ ಹೊಲಗಳಿಗೆ ನೀರು ಸಾಲದಾಗಲು ಇದೂ ಒಂದು ಕಾರಣ.

ಈ ವೇಗವನ್ನೂ ನೀವು ಅಳೆಯಬಹುದು. ಹೊಲಗಾಲುವೆಯ ದಂಡೆಯಲ್ಲಿ 10 ಮೀಟರ್‌ ಗುರುತು ಹಾಕಿ, ಜೋಳದ ದಂಟಿನ ತುಂಡು ತೇಲಿಬಿಟ್ಟು ಸೆಕೆಂಡು ಎಣಿಸಿ. 20 ಸೆಕೆಂಡಾದರೆ ಮೇಲ್ಮೈ ನೀರು ಸೆಕೆಂಡಿಗೆ ಅರ್ಧ ಮೀಟರ್‌, ಗಂಟೆಗೆ 1.8 ಕಿ.ಮೀ. ಹರಿಯುತ್ತಿದೆ. ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡೇ ಹೋಗಿ. ಮುಖ್ಯ ಕಾಲುವೆಗೆ ಮಾತ್ರ ಇಳಿಯಲೇಬೇಡಿ.

ಘರ್ಷಣೆ ಬರೀ ಅಡ್ಡಿ ಎಂದು ತಿಳಿಯಬೇಡಿ. ನಾಟಿಗೆ ಮೊದಲು ಕೆಸರುಗದ್ದೆಗೆ ಇಳಿಯುವ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್‌ವೀಲ್‌ ಹಾಕುತ್ತಾರೆ. ಗಾಲಿ ಮಣ್ಣನ್ನು ಹಿಂದಕ್ಕೆ ತಳ್ಳಿದರೆ ಮಣ್ಣು ಅಷ್ಟೇ ಬಲದಿಂದ ಗಾಲಿಯನ್ನು ಮುಂದಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಕೆಸರಿನಲ್ಲಿ ಬರೀ ಟೈರಿಗೆ ಹಿಡಿತ ಸಿಗದೆ ಅದು ನಿಂತಲ್ಲೇ ತಿರುಗುತ್ತದೆ.

ಬಲ ಅಷ್ಟೇ ಇದ್ದರೆ, ಭಾರ ಹೆಚ್ಚಿದಷ್ಟೂ ವೇಗ ನಿಧಾನವಾಗಿ ಬದಲಾಗುತ್ತದೆ ಎನ್ನುವ ಎರಡನೆಯ ನಿಯಮ ಸುಗ್ಗಿಯಲ್ಲಿ ದಿನಾ ಕಾಣುತ್ತದೆ. ಅದೇ ಎಂಜಿನ್‌ ಬರಿದಾದ ಟ್ರ್ಯಾಲಿಯನ್ನು ಬೇಗ ವೇಗಕ್ಕೆ ತರುತ್ತದೆ, ನೆಲ್ಲು ತುಂಬಿದ್ದನ್ನು ನಿಧಾನವಾಗಿ. ನಿಲ್ಲಿಸುವಾಗಲೂ ಅದೇ ಲೆಕ್ಕ. ಟ್ರ್ಯಾಲಿಗಳಿಗೆ ಬಹುಪಾಲು ಬ್ರೇಕ್‌ ಇರುವುದಿಲ್ಲ. ಅಷ್ಟೂ ಭಾರವನ್ನು ಟ್ರ್ಯಾಕ್ಟರಿನ ಬ್ರೇಕೇ ತಡೆಯಬೇಕು. ಡ್ರೈವರಣ್ಣ ನಿಮ್ಮನ್ನು ನೋಡಿ ಬ್ರೇಕ್‌ ಒತ್ತಿದರೂ ಗಾಡಿ ಅಲ್ಲೇ ನಿಲ್ಲುವುದಿಲ್ಲ. ಆದ್ದರಿಂದ ಶಾಲೆಗೆ ಹೋಗುವಾಗ ಚೀಲ ಹೇರಿದ ಟ್ರ್ಯಾಲಿ ಬರುತ್ತಿದ್ದರೆ ಅದು ದಾಟಿಹೋಗುವವರೆಗೆ ರಸ್ತೆಯ ಬದಿಯಲ್ಲೇ ನಿಂತಿರಿ, ಚಿಕ್ಕವರ ಕೈಯನ್ನೂ ಹಿಡಿದುಕೊಳ್ಳಿ.