ಈ ಭಾಗ ಇಲ್ಲದಿದ್ದರೆ? ಪ್ರಾಣಿಕೋಶದ ಒಂದು ಪಾಠ

ಬೋಧನಾಭ್ಯಾಸದಲ್ಲಿ ಒಂಬತ್ತನೆಯ ತರಗತಿಗೆ ಪ್ರಾಣಿಕೋಶದ ಪಾಠ ಮಾಡಿದೆ. ಕೆನ್ನೆಯ ಒಳಪದರದ ಕೋಶಗಳಿಗೆ ಮೆಥಿಲೀನ್ ಬ್ಲೂ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದಾಗ ಕೋಶದ ಅಂಚು, ಕೋಶದ್ರವ್ಯ, ಗಾಢನೀಲಿ ಕೋಶಕೇಂದ್ರ ಕಂಡವು. ಶಾಲೆಯ ಸೂಕ್ಷ್ಮದರ್ಶಕಕ್ಕೆ ಸಿಗದ ಕಣದಂಗಗಳನ್ನು ಚಾರ್ಟಿನಲ್ಲಿ ತೋರಿಸಿ, ಕಾರ್ಯಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ:

ಕೋಶಪೊರೆ: ಒಳಹೋಗುವ, ಹೊರಬರುವ ವಸ್ತುಗಳ ನಿಯಂತ್ರಣ.
ಕೋಶಕೇಂದ್ರ: ಡಿಎನ್‌ಎ ಇರುವ ಸ್ಥಳ, ಕೋಶದ ಚಟುವಟಿಕೆಗಳ ನಿಯಂತ್ರಣ.
ರೈಬೋಸೋಮ್: ಪ್ರೋಟೀನ್ ತಯಾರಿಕೆ.
ಮೈಟೋಕಾಂಡ್ರಿಯಾ: ಆಮ್ಲಜನಕ ಬಳಸಿ ಎಟಿಪಿ ರೂಪದಲ್ಲಿ ಶಕ್ತಿ ಉತ್ಪಾದನೆ.
ಲೈಸೋಸೋಮ್: ಹಳೆಯ, ಅನುಪಯುಕ್ತ ವಸ್ತುಗಳ ವಿಘಟನೆ.

ಮಕ್ಕಳು ಇದನ್ನು ಸರಾಗವಾಗಿ ಒಪ್ಪಿಸಿದರು. ಆದರೆ ಕಂಠಪಾಠ ಬೇರೆ, ತಿಳಿವಳಿಕೆ ಬೇರೆ. ಆದ್ದರಿಂದ ಮೌಲ್ಯಮಾಪನಕ್ಕೆ ಕೇಳಿದೆ: “ನಮ್ಮ ಬಲಿತ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ, ರೈಬೋಸೋಮ್, ಮೈಟೋಕಾಂಡ್ರಿಯಾ ಯಾವುದೂ ಇಲ್ಲ. ಅದರಿಂದ ಏನೇನು ಆಗದು?”

ಗುಂಪುಗಳಲ್ಲಿ ಚರ್ಚಿಸಿ, “ವಿಭಜನೆ ಆಗದು”, “ಹೊಸ ಪ್ರೋಟೀನ್ ತಯಾರಾಗದು” ಎಂದರು. “ಶಕ್ತಿಯಿಲ್ಲದೆ ಸಾಯಬೇಕಲ್ಲ ಮಿಸ್?” ಎಂದಳು ಒಬ್ಬ ಹುಡುಗಿ. ಅವಳ ತರ್ಕ ಚೆನ್ನಾಗಿತ್ತು. ಕೆಂಪು ರಕ್ತಕಣ ಆಮ್ಲಜನಕದ ನೆರವಿಲ್ಲದೆ ಕೋಶದ್ರವ್ಯದಲ್ಲೇ ಗ್ಲೂಕೋಸನ್ನು ಒಡೆದು ಸ್ವಲ್ಪ ಶಕ್ತಿ ಪಡೆಯುತ್ತದೆ. ಹೀಗಾಗಿ ತಾನು ಹೊತ್ತ ಆಮ್ಲಜನಕವನ್ನು ತಾನೇ ಬಳಸುವುದಿಲ್ಲ. ಕೋಶಕೇಂದ್ರ ಬಿಟ್ಟ ಜಾಗ ಹಿಮೋಗ್ಲೋಬಿನ್‌ಗೆ ಸಿಗುತ್ತದೆ. ಆದರೆ ಸವೆದದ್ದನ್ನು ಹೊಸದಾಗಿ ಕಟ್ಟಿಕೊಳ್ಳಲಾಗದೆ ಸುಮಾರು 120 ದಿನಗಳಲ್ಲಿ ಅದರ ಆಯುಸ್ಸು ಮುಗಿಯುತ್ತದೆ.

“ಇದರ ಕಾರ್ಯವೇನು?” ಎಂಬುದಕ್ಕೆ ಉತ್ತರ ಪುಸ್ತಕದಲ್ಲೇ ಇದೆ. “ಇದು ಇಲ್ಲದಿದ್ದರೆ?” ಎಂದಾಗ ಮಕ್ಕಳು ಯೋಚಿಸಲೇಬೇಕು. ಮುಂದಿನ ಅವಧಿಗೆ ಕೊಟ್ಟ ಪ್ರಶ್ನೆ: ಹೃದಯದ ಸ್ನಾಯುಕೋಶದಲ್ಲಿ ಮೈಟೋಕಾಂಡ್ರಿಯಾ ಅಷ್ಟೊಂದು ಏಕಿವೆ?