ಆಕ್ಷೇಪಣೆಗೂ ಒಂದು ಕಾಲವಿದೆ, ವಿದ್ಯಾ

ಚಿ. ವಿದ್ಯಾ,

ನಿನ್ನೆ ನಿಮ್ಮವ್ವ ಫೋನಿನಲ್ಲಿ ಎಲ್ಲ ಹೇಳಿದಳು. ಕೋರ್ಟ್ ಸಹಾಯಕರ ಪರೀಕ್ಷೆಯ ಕೀ ಉತ್ತರ ಬಂದಿದೆಯಂತೆ, ಅದರಲ್ಲಿ ಎರಡು ಉತ್ತರ ತಪ್ಪಂತೆ. ಸಪ್ತಾಪುರದ ನಿನ್ನ ಗೆಳತಿಯರು ಹಣ ಕೂಡಿಸಿ ಧಾರವಾಡ ಪೀಠದಲ್ಲಿ ರಿಟ್ ಹಾಕುವ ಮಾತಾಡುತ್ತಿದ್ದಾರೆ, ನೀನು ಮಾತ್ರ 'ಪಟ್ಟಿ ಬರಲಿ, ಹೆಸರು ಇಲ್ಲದಿದ್ದರೆ ಆಮೇಲೆ ನೋಡೋಣ' ಅಂದೆಯಂತೆ. ನಿನ್ನ ಸಿಟ್ಟು ನ್ಯಾಯವಾದದ್ದೇ, ಮಗಳೆ. ಆದರೆ ಆ 'ಆಮೇಲೆ' ಎಂಬ ಮಾತಿಗೆ ನನಗೆ ದಿಗಿಲಾಯಿತು.

ನಾನು ಕೋರ್ಟಿನಲ್ಲಿ ಬಹಳ ವರ್ಷ ಕೂತದ್ದು ಹೊಸ ದಾವೆಗಳನ್ನು ತೆಗೆದುಕೊಳ್ಳುವ ಮೇಜಿನಲ್ಲಿ. ಬಂದ ಕಾಗದದಲ್ಲಿ ನಾವು ಮೊದಲು ನೋಡುತ್ತಿದ್ದದ್ದು ಎರಡನ್ನೇ: ಕೋರ್ಟ್ ಫೀ ಸರಿಯಾಗಿದೆಯೇ, ಕಾಲಮಿತಿಯೊಳಗೆ ಬಂದಿದೆಯೇ. ಫೀ ಕಡಿಮೆಯಿದ್ದರೆ ತುಂಬಿಸಬಹುದು. ವಾಯಿದೆ ಮೀರಿದ್ದರೆ ಕಡತದ ಮೇಲೆ ಹಾಗೆಂದು ಷರಾ ಬರೆಯಬೇಕು. ಹೊಲ ಕಳಕೊಂಡ ರೈತರು, ಜೀವನಾಂಶದ ಬಾಕಿ ಕೇಳಿ ಬಂದ ಹೆಣ್ಣುಮಕ್ಕಳು, ಎಂಥೆಂಥವರ ಕಾಗದದ ಮೇಲೆ ಈ ಕೈ ಆ ಷರಾ ಬರೆದಿದೆ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದನ್ನು ಹೇಳುವ ಹೊತ್ತು ಮೀರಿತ್ತು, ಅಷ್ಟೇ.

ಕೋರ್ಟಿನ ಮೇಲೆಯೇ ಕೋರ್ಟಿಗೆ ಹೋಗುವುದೆ ಎಂದು ನಿಮ್ಮಪ್ಪನಿಗೆ ಅಂಜಿಕೆ. ಅಂಜಬೇಕಾದ್ದೇನೂ ಇಲ್ಲವೆಂದು ಅವನಿಗೆ ಹೇಳು. ಹೈಕೋರ್ಟಿನ ಸಿಬ್ಬಂದಿಯನ್ನು ನೇಮಿಸುವ ಅಧಿಕಾರವನ್ನು ಸಂವಿಧಾನದ 229ನೇ ವಿಧಿ ಮುಖ್ಯ ನ್ಯಾಯಮೂರ್ತಿಗಳಿಗೆ ಕೊಟ್ಟಿದೆ, ನಿಜ. ಆ ಅಧಿಕಾರವೂ ಸಮಾನತೆಯ 14 ಮತ್ತು 16ನೇ ವಿಧಿಗಳಿಗೆ ಬದ್ಧ, ಬಹಿರಂಗ ಪ್ರಕಟಣೆಯಿಲ್ಲದೆ ನ್ಯಾಯಾಲಯಗಳಲ್ಲೂ ನೇಮಕ ಕೂಡದು ಎಂದು ಸುಪ್ರೀಂ ಕೋರ್ಟು 2014ರಲ್ಲೇ ಖಡಾಖಂಡಿತವಾಗಿ ಹೇಳಿದೆ.

ರಾಜಸ್ಥಾನದ್ದೊಂದು ಸಂಗತಿ ಕೇಳು. ಅಲ್ಲಿನ ಹೈಕೋರ್ಟು 2022ರಲ್ಲಿ 2,756 ಗುಮಾಸ್ತ ಹುದ್ದೆಗಳಿಗೆ ಅರ್ಜಿ ಕರೆಯಿತು. ಲಿಖಿತ ಪರೀಕ್ಷೆ ಮುಗಿದು ಟೈಪಿಂಗ್ ಪರೀಕ್ಷೆಗೆ ಆರಿಸುವಾಗ ಸಾಮಾನ್ಯ ವರ್ಗದ ಕಟ್ ಆಫ್ 196ರ ಆಸುಪಾಸಿನಲ್ಲಿ ನಿಂತಿತ್ತು, ಹಿಂದುಳಿದ ವರ್ಗದ್ದು 230 ದಾಟಿತ್ತು. ಹೆಚ್ಚು ಅಂಕ ಪಡೆದವರು ಮೀಸಲಾತಿಯ ಕಾರಣಕ್ಕೇ ಹೊರಗುಳಿದರು. ಎಂಥ ಅನ್ಯಾಯ ನೋಡು! ಸಾಮಾನ್ಯ ಕಟ್ ಆಫ್ ದಾಟಿದವರನ್ನು ಆ ಪಟ್ಟಿಯಲ್ಲೇ ಎಣಿಸಬೇಕು ಎಂದು 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಪರೀಕ್ಷೆ ಬರೆದವರು ಆಮೇಲೆ ತಕರಾರು ತೆಗೆಯುವಂತಿಲ್ಲ ಎಂಬ ವಾದವೂ ಅಲ್ಲಿ ನಿಲ್ಲಲಿಲ್ಲ. ಪಟ್ಟಿ ಹೀಗೆ ಮಾಡುತ್ತಾರೆಂದು ಆ ಮಕ್ಕಳಿಗೆ ಮೊದಲೇ ತಿಳಿಯುವ ದಾರಿಯೇ ಇರಲಿಲ್ಲವಲ್ಲ.

ಬಿಹಾರದ ಜಿಲ್ಲಾ ನ್ಯಾಯಾಲಯವೊಂದರ ನಾಲ್ಕನೇ ದರ್ಜೆ ನೌಕರರಿಗೆ ಈ ಮಾತು ಒದಗಲಿಲ್ಲ. ಮೂರನೇ ದರ್ಜೆಯ ಬಡ್ತಿಗಾಗಿ ಅವರು ಪರೀಕ್ಷೆ ಬರೆದರು, ಸಂದರ್ಶನಕ್ಕೂ ಕೂತರು. ಆಯ್ಕೆಯಾಗದ ಮೇಲೆ, ಮೊದಲಿನಿಂದ ಕಣ್ಣೆದುರಿಗಿದ್ದ ಪದ್ಧತಿಯನ್ನೇ ತಪ್ಪೆಂದರು. ಎಲ್ಲ ಗೊತ್ತಿದ್ದೂ ಭಾಗವಹಿಸಿ, ಸೋತ ಮೇಲೆ ತಿರುಗಿ ಬೀಳಲಾಗದು ಎಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿತು. ನಿನ್ನ ಸಂಗತಿ ಈ ಎರಡನೆಯದಕ್ಕೇ ಹತ್ತಿರ. ಕೀ ಉತ್ತರ ನಿನ್ನ ಕೈಯಲ್ಲಿದೆ, ಆಕ್ಷೇಪಣೆಗೆ ದಿನವನ್ನೂ ಕೊಟ್ಟಿದ್ದಾರೆ. ಈಗ ಸುಮ್ಮನಿದ್ದರೆ 'ಆಗ ಯಾಕೆ ಕೇಳಲಿಲ್ಲ?' ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ.

ಕೇಳುವುದಾದರೂ ಹೇಗೆ ಕೇಳಬೇಕು ಎಂಬುದಿದೆ. ಪ್ರಕಟವಾದ ಕೀ ಸರಿಯೆಂದೇ ನ್ಯಾಯಾಲಯ ಹಿಡಿದುಕೊಳ್ಳುತ್ತದೆ, ಅನುಮಾನವಿದ್ದರೆ ಅದರ ಲಾಭ ಪರೀಕ್ಷೆ ನಡೆಸಿದವರಿಗೇ ಎಂದು ಸುಪ್ರೀಂ ಕೋರ್ಟಿನ 2018ರ ತೀರ್ಪಿದೆ. ಹಾಗಿದ್ದೂ 1983ರಲ್ಲಿ ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆದ ಮಕ್ಕಳು ಗೆದ್ದರು. ಮಾನ್ಯ ಪಠ್ಯಪುಸ್ತಕಗಳೇ ಅವರ ಪರವಾಗಿ ಸಾಕ್ಷಿ ನುಡಿದವು. ತಪ್ಪು ಎದ್ದು ಕಾಣಬೇಕು, ಉದ್ದ ವಾದದಿಂದ ಎಳೆದು ತೋರಿಸುವಂತಿರಬಾರದು. ಕೋಚಿಂಗಿನ ನೋಟ್ಸು ಇದಕ್ಕೆ ಬರುವುದಿಲ್ಲ.

ರಿಟ್ ಬೇಡವೇ ಬೇಡ ಎನ್ನುತ್ತಿಲ್ಲ. ಅದರ ದಾರಿ ಎಷ್ಟು ದೂರವೆಂದು ತಿಳಿದಿರು. ಅದೇ ರಾಜಸ್ಥಾನ ಹೈಕೋರ್ಟಿನ ಅನುವಾದಕರ ಹುದ್ದೆಗೆ 2009ರಲ್ಲಿ ಪ್ರಕಟಣೆ ಹೊರಟಿತ್ತು. ಪರೀಕ್ಷೆಯಾದ ಮೇಲೆ ಶೇ 75 ಅಂಕ ಬೇಕೆಂದು ಹೊಸ ಕಟ್ಟಳೆ ಬಂತು. ಬರೆದ 21 ಜನರಲ್ಲಿ ಉಳಿದವರು ಮೂವರು. ನಿಯಮ ಅಥವಾ ಪ್ರಕಟಣೆಯಲ್ಲಿ ಅವಕಾಶವಿಲ್ಲದಿದ್ದರೆ ನಡುವೆ ಕಟ್ಟಳೆ ಬದಲಿಸಬಾರದು ಎಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಹೇಳುವ ಹೊತ್ತಿಗೆ 2024ರ ನವೆಂಬರ್ ಆಗಿತ್ತು. ಆಯ್ಕೆಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೌಕರಿ ಹಕ್ಕಾಗುವುದಿಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ. 2009ರಲ್ಲಿ ಇಪ್ಪತ್ತೈದು ವಯಸ್ಸಿದ್ದವರಿಗೆ ಆಗ ನಲವತ್ತು. ನಿನ್ನ ವಯಸ್ಸು ಹಾಗೆ ಕಾಯುತ್ತ ಕಳೆಯುವುದು ನನಗೆ ಬೇಡ. ಮುಂದಿನ ಪರೀಕ್ಷೆಯ ಓದನ್ನು ನಿಲ್ಲಿಸಬೇಡ.

ಇವತ್ತು ಸಂಜೆಯೇ ಗ್ರಂಥಾಲಯಕ್ಕೆ ಹೋಗು. ಎರಡೂ ಪ್ರಶ್ನೆಗೆ ಪಠ್ಯಪುಸ್ತಕದ ಹೆಸರು, ಮುದ್ರಣದ ವರ್ಷ, ಪುಟಸಂಖ್ಯೆ ಬರೆದುಕೊ, ಆ ಪುಟಗಳ ಪ್ರತಿ ತೆಗೆಸು. ಅಧಿಸೂಚನೆಯಲ್ಲಿ ಹೇಳಿದ ರೀತಿಯಲ್ಲೇ ಸಲ್ಲಿಸಿ, ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊ. ಸಲ್ಲಿಸುವ ಮುಂಚೆ ಕರಡನ್ನು ನನಗೆ ಕಳಿಸು. ಎಷ್ಟು ಹೊತ್ತಾದರೂ ಸರಿ, ಓದಿಯೇ ಮಲಗುತ್ತೇನೆ.

ನಿನ್ನ ದೊಡ್ಡಪ್ಪ