ಫೋರ್ಟ್ ಲಾರಮಿ: ಪರೀಕ್ಷೆಗೆ ಬೇಕಾದಷ್ಟು

1. ಸ್ಥಳ: ಅಮೆರಿಕದ ವಯೋಮಿಂಗ್, ಲಾರಮಿ–ನಾರ್ತ್ ಪ್ಲಾಟ್ ನದಿಗಳ ಸಂಗಮದ ಬಳಿ.

2. 1834: ತುಪ್ಪಳ ವ್ಯಾಪಾರದ ಠಾಣೆ (ಆಗ ಫೋರ್ಟ್ ವಿಲಿಯಂ). 1849: 4,000 ಡಾಲರಿಗೆ ಸೇನೆಯ ಪಾಲು, ಒರೆಗಾನ್ ಹಾದಿಯ ವಲಸಿಗರ ರಕ್ಷಣೆಗೆ. 1890: ಸೇನೆ ತೆರವು, ಕಟ್ಟಡಗಳ ಹರಾಜು, ಮರಮುಟ್ಟಿಗಾಗಿ ಹಲವನ್ನು ಕೆಡವಿದರು.

3. ಅಮೆರಿಕ ಸರ್ಕಾರ–ಮೂಲನಿವಾಸಿ ಬುಡಕಟ್ಟುಗಳ ನಡುವಿನ ಎರಡು ಒಪ್ಪಂದಗಳು (ಅಂಕ ಹೋಗುವುದು ಇಲ್ಲೇ):
• 1851: ಬುಡಕಟ್ಟುಗಳ ಗಡಿ ನಿಗದಿ. ಹೆಸರು ಲಾರಮಿಯದು, ಸಹಿ ಬಿದ್ದದ್ದು ಹಾರ್ಸ್ ಕ್ರೀಕ್‌ನಲ್ಲಿ. ಕಾರಣ: ಕೋಟೆಯ ಬಳಿ ಕುದುರೆಗಳಿಗೆ ಮೇವು ಸಾಲಲಿಲ್ಲ.
• 1868: ಬ್ಲ್ಯಾಕ್ ಹಿಲ್ಸ್ ಬೆಟ್ಟಪ್ರದೇಶ ಸೂ (Sioux) ಬುಡಕಟ್ಟಿನ ಜನರಿಗೆ. 1874ರಲ್ಲಿ ಅಲ್ಲಿ ಚಿನ್ನ ಪತ್ತೆ, 1877ರಲ್ಲಿ ಸರ್ಕಾರವೇ ಕಿತ್ತುಕೊಂಡಿತು. 1980: ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ ತೀರ್ಪು. ಸೂಗಳು ಕೇಳುವುದು ನೆಲ; ಹಣ ಮುಟ್ಟಿಲ್ಲ.

4. ಗೊಂದಲ: ‘ಕೋಟೆ’ಯಾದರೂ ಸೈನಿಕ ಠಾಣೆಗೆ ಸುತ್ತುಗೋಡೆ ಇರಲಿಲ್ಲ. ಲಾರಮಿ ನಗರ ಬೇರೆ.

5. 1938: ರಾಷ್ಟ್ರೀಯ ಸ್ಮಾರಕ.